ವ್ಯಾನಿನೊಳಗಿನ ಗಣಕಯಂತ್ರ

ನಮ್ಮ ಸಂಘದ 2009ನೆಯ ಸಾಲಿನ ವರದಿಯಲ್ಲಿ ಒಂದು ವಾಕ್ಯವಿದೆ: “ಸಂಚಾರಿ ಗಣಕಯಂತ್ರ ತರಗತಿಗಳು ತಾಂತ್ರಿಕ ಕಾರಣಗಳಿಂದ ಒಂದು ತಿಂಗಳ ಕಾಲ ಸ್ಥಗಿತಗೊಂಡಿದ್ದವು.” ಆ ವಾಕ್ಯವನ್ನು ಬರೆದವನು ನಾನು. ತಾಂತ್ರಿಕ ಕಾರಣವೆಂಬ ಎರಡು ಪದಗಳ ಹಿಂದೆ ಅವಿತುಕೊಂಡು ಹದಿನೈದು ವರ್ಷಗಳು ದಾಟಿದವು. ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಿರೆಂದೂ, ಗಡಿನಾಡಿನ ಶಾಲೆಗಳ ಅನುಭವವಾದರೆ ಒಳಿತೆಂದೂ ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ವಾಕ್ಯವೇ. ಗಡಿಯ ಪ್ರಶ್ನೆ, ಆಯೋಗಗಳ ವರದಿ, ಭಾಷಾನೀತಿ ಇವುಗಳನ್ನು ಕುರಿತು ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿ ಬರೆಯುವವರಿದ್ದಾರೆ. ನಾನು ಒಂದು ಫ್ಯೂಸಿನ ಸಂಗತಿಯನ್ನು ಹೇಳುತ್ತೇನೆ.

ಸೇವೆಯಿಂದ ನಾನು ನಿವೃತ್ತನಾದದ್ದು 2008ರಲ್ಲಿ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ ಪುಣೆಯ ಬಾಲಭಾರತಿ ಸಂಸ್ಥೆ ಅಚ್ಚು ಹಾಕಿಸಿದ ಕನ್ನಡ ಪಠ್ಯಪುಸ್ತಕಗಳು ಬರುತ್ತವೆ, ಓದಿಗೆ ಕೊರತೆಯಿಲ್ಲ. ಆದರೆ ಗಣಕಯಂತ್ರವನ್ನು ಕಂಡಿದ್ದ ಮಕ್ಕಳು ಅದರ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ನೋಡಿದ್ದರು, ಮರಾಠಿ ಅಕ್ಷರ ನೋಡಿದ್ದರು. ಕನ್ನಡ ಅಕ್ಷರ ನೋಡಿರಲಿಲ್ಲ. “ಸರ್, ಕನ್ನಡ ಇದರಾಗ ಬರ್ತದೇನ್ರಿ?” ಎಂದು ಒಬ್ಬ ಹುಡುಗ ಕೇಳಿದ್ದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಬಾರದೆ ಏನು? ಬರಹವಿತ್ತು, ನುಡಿಯಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾಗಿತ್ತು. ಇಲ್ಲದ್ದು ಕರೆಂಟು ಮಾತ್ರ. ಲೋಡ್‌ಶೆಡ್ಡಿಂಗಿನ ಆ ವರ್ಷಗಳು ಮಹಾರಾಷ್ಟ್ರದ ಹಳ್ಳಿಗಳಲ್ಲಿದ್ದವರಿಗೆ ಮರೆತಿರಲಾರವು. ಶಾಲೆ ತೆರೆದಿದ್ದಾಗ ಕರೆಂಟು ಇರುತ್ತಿರಲಿಲ್ಲ. ಕರೆಂಟು ಬಂದಾಗ ಶಾಲೆಗೆ ಬೀಗ ಬಿದ್ದಿರುತ್ತಿತ್ತು.

ಶಾಲೆಯಲ್ಲಿ ಕರೆಂಟು ಇಲ್ಲವಾದರೆ ನಾವೇ ಅದನ್ನು ಹೊತ್ತುಕೊಂಡು ಹೋಗೋಣವೆಂದು ನಾನು ಸಂಘದ ಸಭೆಯಲ್ಲಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ತೆಗೆದು ಹಳೆಯದೊಂದು ವ್ಯಾನು ಕೊಂಡೆ. ಸಂಘದ ಹಿತೈಷಿಗಳೊಬ್ಬರು ತಮ್ಮ ಅಂಗಡಿಯಲ್ಲಿ ಬಳಸಿ ಬಿಟ್ಟಿದ್ದ ಗಣಕಯಂತ್ರವನ್ನು ಕೊಟ್ಟರು. ಹಿಂಬದಿ ಗುಡಾಣದಂತೆ ಉಬ್ಬಿದ ಹಳೆಯ ಮಾನಿಟರು ಅದರದು. ಬ್ಯಾಟರಿಯ 12 ವೋಲ್ಟಿನಿಂದ ಮನೆಯ 230 ವೋಲ್ಟು ತಯಾರಿಸುವ 300 ವ್ಯಾಟಿನ ಇನ್ವರ್ಟರನ್ನು ಸೊಲ್ಲಾಪುರದಿಂದ ತಂದೆ. ನಡುವಿನ ಸೀಟು ಕಳಚಿ ಒಂದು ಗಿಡ್ಡ ಮೇಜು ಇರಿಸಿದ್ದಾಯಿತು. ನೆರೆಮನೆಯ ಹುಡುಗನೊಬ್ಬ ಚಾಲಕನಾಗಲು ಒಪ್ಪಿದ.

ವೈರಿಂಗ್ ಮಾಡಿದವನು ನಾನೇ. ಚಾಲಕನ ಮುಂದಿನ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಒಂದು ಪಿನ್ನು ಸಿಕ್ಕಿಸಿ, ಮನೆಯಲ್ಲಿ ಟೇಬಲ್ ಫ್ಯಾನಿಗೆ ಬಳಸುವಂಥ ವೈರಿನಿಂದ ಅದನ್ನು ಎರಡು ಮೀಟರ್ ಉದ್ದ ಮಾಡಿ, ಹಿಂದಿದ್ದ ಇನ್ವರ್ಟರಿಗೆ ಮುಟ್ಟಿಸಿದೆ. ಪರದೆಯ ಮೇಲೆ ‘ಅ’ ಮೂಡಿತು. ಮನೆಯ ಅಂಗಳದಲ್ಲಿ ನಿಂತು ಆ ಅಕ್ಷರವನ್ನು ನೋಡಿದಾಗ ನನಗಾದ ಸಂತೋಷವನ್ನು ಇಲ್ಲಿ ವರ್ಣಿಸಲಾರೆ. ಎರಡನೆಯ ಅಕ್ಷರ ಒತ್ತುವ ಮೊದಲೇ ಎಲ್ಲವೂ ಆರಿತು. ಫ್ಯೂಸು ಹೋಗಿತ್ತು.

ವಾಹನದ ಫ್ಯೂಸನ್ನು ನೋಡದವರಿಗಾಗಿ ಹೇಳುತ್ತೇನೆ. ಅದು ಮನೆಯ ಪಿಂಗಾಣಿ ಕಟೌಟಿನಂತಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಬಿಲ್ಲೆ, ಕೆಳಗೆ ಎರಡು ಚಪ್ಪಟೆ ಕಾಲು, ಒಳಗೆ ಬಾಗಿದ ಒಂದು ಎಳೆ. ಎಷ್ಟು ಆಂಪಿಯರ್ ತಾಳುತ್ತದೆಂಬುದನ್ನು ಬಣ್ಣವೇ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ನನ್ನ ಸಾಕೆಟ್ಟಿನದು ನೀಲಿ. ಹೊಸ ನೀಲಿ ಹಾಕಿದೆ, ಅದೂ ಹೋಯಿತು. ಕೆಲವೊಮ್ಮೆ ಸ್ವಿಚ್ಚು ಒತ್ತಿದ ಕೂಡಲೆ, ಕೆಲವೊಮ್ಮೆ ಐದಾರು ನಿಮಿಷ ಬಿಟ್ಟು. ತಕ್ಷಣ ಹೋಗುವುದಾದರೆ ಒಂದು ದೋಷ, ತಡವಾಗಿ ಹೋಗುವುದಾದರೆ ಇನ್ನೊಂದು ದೋಷವಿರಬೇಕೆಂದು ನಾನು ಊಹಿಸಿದೆ. ಮೊದಲು ಮಾನಿಟರ್ ಹಚ್ಚಿ ಆಮೇಲೆ ಗಣಕಯಂತ್ರ ಹಚ್ಚಿದೆ. ಅನಂತರ ಅದನ್ನು ತಿರುವುಮುರುವು ಮಾಡಿದೆ. ಹತ್ತು ಫ್ಯೂಸುಗಳ ಡಬ್ಬಿ ಒಂದು ವಾರದಲ್ಲಿ ಬರಿದಾಯಿತು. ಒಂದು ಸರಳ ಭಾಗಾಕಾರ ಮಾಡಿದ್ದರೆ ಸಾಕಿತ್ತು. ಮಾನಿಟರು, ಗಣಕಯಂತ್ರ ಸೇರಿ ಸುಮಾರು 200 ವ್ಯಾಟು; ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುವುದರಿಂದ ಬ್ಯಾಟರಿಯಿಂದ ಎಳೆಯುವುದು 235ರ ಆಸುಪಾಸು. ಅದನ್ನು 12ರಿಂದ ಭಾಗಿಸಿದರೆ 20 ಆಂಪಿಯರಿಗೆ ಹತ್ತಿರ. ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹದಿನೈದರ ಫ್ಯೂಸು ಹೋಗದೆ ಇನ್ನೇನು ಮಾಡೀತು? ಮಕ್ಕಳಿಗೆ ಜೀವನಪೂರ್ತಿ ಭಾಗಾಕಾರ ಹೇಳಿಕೊಟ್ಟವನಿಗೆ ಈ ಭಾಗಾಕಾರ ಹೊಳೆಯಲಿಲ್ಲ.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮೈಂದರಗಿಯ ದಾರಿಯಲ್ಲಿ ಒಳಗೆ ಸರಿದ ಒಂದು ಹಳ್ಳಿಯ ಶಾಲೆಗೆ ಅಂದು ಹೋಗಿದ್ದೆವು. ಮಕ್ಕಳು ಬೆಳಗಿನಿಂದ ಬಾಗಿಲಲ್ಲೇ ಕಾದು ನಿಂತಿದ್ದರು. ಉಳಿದಿದ್ದ ಕೊನೆಯ ನೀಲಿ ಫ್ಯೂಸು ಮೊದಲ ಹುಡುಗ ಕುಳಿತಾಗಲೇ ಹೋಯಿತು. ಅಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬರಿಗೈಯಲ್ಲಿ ಹಿಂದಕ್ಕೆ ಹೋಗುವುದು ಹೇಗೆ? ಶಾಲೆಯ ಕಟೌಟಿಗೆ ತಂತಿ ಕಟ್ಟುವುದು ನನಗೆ ಹಳೆಯ ರೂಢಿ. ಒಂದೆಳೆ ನಿಲ್ಲದಿದ್ದರೆ ಎರಡೆಳೆ, ಎರಡು ನಿಲ್ಲದಿದ್ದರೆ ಮೂರು. ನಮ್ಮ ಕಡೆಯ ಯಾವ ಶಾಲೆಯ ಜವಾನನನ್ನು ಕೇಳಿದರೂ ಈ ವಿದ್ಯೆ ಗೊತ್ತು. ವೈರಿನ ತುಂಡೊಂದನ್ನು ಸುಲಿದು, ತಾಮ್ರದ ನಾಲ್ಕೈದು ಎಳೆಗಳನ್ನು ಹೋದ ಫ್ಯೂಸಿನ ಎರಡೂ ಕಾಲುಗಳಿಗೆ ಸುತ್ತಿ, ಅದೇ ಜಾಗದಲ್ಲಿ ಒತ್ತಿ ಕೂರಿಸಿದೆ. ಎಲ್ಲವೂ ನಡೆಯಿತು. ಇನ್ವರ್ಟರು ಆಗಾಗ ಕೀಚ್ ಕೀಚ್ ಎಂದು ಎಚ್ಚರಿಸುತ್ತಿತ್ತು. ಇಂಜಿನ್ ನಿಲ್ಲಿಸಿದ್ದರಿಂದ ವೋಲ್ಟೇಜು ಇಳಿದಿರಬೇಕು, ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದಲ್ಲ, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವ್ಯಾನಿನೊಳಗೆ ಎಂಟು ಮಕ್ಕಳಿದ್ದರು. ಆರನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಹೆಸರನ್ನು ಬರೆಯುತ್ತಿದ್ದಳು, ಒತ್ತಕ್ಷರ ಮೂಡಿಸುವುದು ಹೇಗೆಂದು ತಿಳಿಯದೆ ನಿಂತು, ತಲೆಯೆತ್ತಿ ಹೇಳಿದಳು: “ಸರ್, ರಬ್ಬರ್ ಸುಟ್ಟಂಗ ವಾಸನಿ ಬರ್ಲಿಕತ್ತದ್ರಿ.”

“ಹೊರಗ ಯಾರೋ ಏನೋ ಸುಡ್ಲಿಕತ್ತಿರಬೇಕವಾ. ನೀ ಬರಿ.”

ಅವಳು ಒಂದು ಅಕ್ಷರ ಒತ್ತಿ ಮತ್ತೆ ಮೂಗು ಹಿಡಿದುಕೊಂಡಳು. ನಾನು ಒತ್ತಕ್ಷರದ ಪಾಠ ಮುಂದುವರಿಸಿದೆ. ಒಂದೆರಡು ನಿಮಿಷ ಕಳೆದಿರಬಹುದು. ಚಾಲಕ ಹುಡುಗ ಹೊರಗಿನಿಂದ ಕೂಗಿದ. ಮುಂದಿನ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಬಿಳಿಯ ಹೊಗೆ ದಾರದಂತೆ ಏಳುತ್ತಿತ್ತು. ಅವನು ಬ್ಯಾಟರಿಯ ಕಡೆ ಓಡಿದ. ನಾನು ಮಕ್ಕಳನ್ನು ಇಳಿಸಿದೆ. ಪಕ್ಕದ ಜಾರುಬಾಗಿಲು ಅರ್ಧದಲ್ಲೇ ಸಿಕ್ಕಿಕೊಂಡಿತು, ಅದು ಮೊದಲಿನಿಂದಲೂ ಹಾಗೆಯೇ. ಎಂಟು ಮಕ್ಕಳು ಒಬ್ಬೊಬ್ಬರಾಗಿ ಆ ಸಂದಿನಿಂದ ಇಳಿಯಲು ಹಿಡಿದ ಹೊತ್ತನ್ನು ನಾನು ಇಂದಿಗೂ ಕೆಲವು ರಾತ್ರಿ ಎಣಿಸುವುದುಂಟು.

ಯಾರಿಗೂ ಏನೂ ಆಗಲಿಲ್ಲ. ಸಾಕೆಟ್ಟಿನ ಹಿಂದಿನ ವೈರಿನ ಹೊದಿಕೆ ಕರಗಿ ಪಕ್ಕದ ವೈರುಗಳಿಗೆ ಅಂಟಿಕೊಂಡಿತ್ತು, ಅಷ್ಟೆ. ಮಕ್ಕಳು ಏನಾಯಿತೆಂದು ಕೇಳಿದಾಗ “ಫ್ಯೂಸ್ ಹೋತು” ಎಂದೆ. ಶಾಲೆಯ ಗುರುಗಳಿಗೂ ಅದನ್ನೇ ಹೇಳಿದೆ. ಅದು ಸುಳ್ಳು. ಫ್ಯೂಸು ಹೋಗಿರಲಿಲ್ಲ, ಹೋಗದಂತೆ ಮಾಡಿದವನು ನಾನು.

ವ್ಯಾನನ್ನು ಎಳೆಸಿಕೊಂಡು ಅಕ್ಕಲಕೋಟೆಗೆ ಬಂದು, ಸೊಲ್ಲಾಪುರ ರಸ್ತೆಯ ಪಕ್ಕದ ಒಂದು ಅಟೋ ಎಲೆಕ್ಟ್ರಿಕ್ ಅಂಗಡಿಯ ಮುಂದೆ ನಿಲ್ಲಿಸಿದೆ. ತಗಡಿನ ಛಾವಣಿ, ನೆಲವೆಲ್ಲ ಎಣ್ಣೆ, ಗೋಡೆಯ ತುಂಬ ಬಣ್ಣದ ವೈರಿನ ಸುರುಳಿಗಳು. ನಲವತ್ತರ ಆಸುಪಾಸಿನ ಮೇಸ್ತ್ರಿ ಕೈ ಒರೆಸಿಕೊಂಡು ಬಂದು ನನ್ನ ಪಾದ ಮುಟ್ಟಿದ. ನನಗೆ ಗುರುತು ಹತ್ತಲಿಲ್ಲ.

“ಏಳನೇತ್ತಾಗ ನೀವು ನಮಗ ವಿಜ್ಞಾನ ಹೇಳಿದ್ರಿ ಸರ್.”

ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಇತಿಹಾಸ ನನ್ನ ವಿಷಯಗಳು. ವಿಜ್ಞಾನದ ಶಿಕ್ಷಕರು ಇಲ್ಲದ ಎರಡು ವರ್ಷ ಆ ತಾಸುಗಳೂ ನನ್ನ ಪಾಲಿಗೆ ಬಂದಿದ್ದವು. ಪುಸ್ತಕದಲ್ಲಿದ್ದುದನ್ನು ಓದಿ ಹೇಳಿದ್ದೆ, ಬೇರೆ ಗತಿಯಿರಲಿಲ್ಲ.

“ಬೋರ್ಡಿನ ಮ್ಯಾಲೆ ಸೆಲ್ಲು, ತಂತಿ, ಬಲ್ಬು ತಗದು ತೋರ್ಸಿದ್ರಿ. ಬಲ್ಬಿನ ಸುತ್ತ ಕಿರಣ ಸೈತ ತಗದಿದ್ರಿ,” ಎಂದು ನಕ್ಕ. “ಖರೇ ಬಲ್ಬ್ ಹತ್ತಿದ್ದು ಮಾತ್ರ ನಾ ಇಲ್ಲಿ ಬಂದ ಮ್ಯಾಲೆ ನೋಡ್ದೆ.” ವ್ಯಂಗ್ಯವಿತ್ತೋ ಇಲ್ಲವೋ ತಿಳಿಯಲಿಲ್ಲ.

ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಫ್ಯೂಸಿನ ಪೆಟ್ಟಿಗೆಯಿಂದ ನನ್ನ ತಾಮ್ರದ ಎಳೆ ಸುತ್ತಿದ ಫ್ಯೂಸನ್ನು ಇಕ್ಕಳದಿಂದ ಹಿಡಿದು ಹೊರಗೆ ತೆಗೆದ. ಬಹಳ ಹೊತ್ತು ನೋಡಿದ. ಯಾರು ಹಾಕಿದ್ದೆಂದು ಕೇಳಲಿಲ್ಲ. “ಒಳಗ ಯಾರಾರ ಇದ್ರೇನ್ರಿ?” ಎಂದಷ್ಟೇ ಕೇಳಿದ. ಎಂಟು ಮಕ್ಕಳಿದ್ದರೆಂದೆ. ಅವನು ಆ ಫ್ಯೂಸನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಆಮೇಲೆ ಅವನು ಹೇಳಿದ್ದನ್ನು ನನ್ನ ಬುದ್ಧಿಗೆ ಎಟುಕಿದಷ್ಟು ಹೇಳುತ್ತೇನೆ. “ಫ್ಯೂಜ್ ಇರೂದು ಕಂಪ್ಯೂಟರಿನ ಸಲುವಾಗಿ ಅಲ್ರಿ ಸರ್, ವೈರಿನ ಸಲುವಾಗಿ,” ಎಂದ. ಫ್ಯೂಸಿನ ಮೇಲಿನ ಅಂಕೆ ತನ್ನ ಹಿಂದಿರುವ ವೈರು ಎಷ್ಟು ತಾಳೀತೆಂಬುದರ ಅಳತೆ. ಫ್ಯೂಸು ದೊಡ್ಡದು ಮಾಡಿದರೆ ವೈರೇ ಫ್ಯೂಸಾಗಿಬಿಡುತ್ತದೆ. ಬಿಲ್ಲೆಯೊಳಗೆ ಕರಗಬೇಕಾದದ್ದು ಸೀಟಿನ ಕೆಳಗೆ ಕರಗುತ್ತದೆ. ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದೆಂಬ ನನ್ನ ಸಮಾಧಾನವನ್ನು ಅವನಿಗೆ ಹೇಳಿದೆ. ಬೋರ್ಡಿನ ಮೇಲೆ ನಾನು ಮಕ್ಕಳಿಗೆ ಬರೆದುಕೊಟ್ಟ ಓಮನ ನಿಯಮವೂ ಅದನ್ನೇ ಹೇಳುತ್ತಿತ್ತು. ಅವನು ತಲೆಯಾಡಿಸಿದ.

“ಅದು ಬಲ್ಬಿನ ಮಾತ್ರಿ. ಇನ್ವರ್ಟರ್ ಹಂಗಲ್ಲ. ಅದಕ್ಕ ಹಂಡೆ ತುಂಬಬೇಕಷ್ಟ. ಕೊಡ ಸಣ್ಣದಾದ್ರ ಖೇಪು ಹೆಚ್ಚು ಹಾಕತದ.”

ನಿಂತ ಕಾಲಲ್ಲೇ ಲೆಕ್ಕ ಮಾಡಿದೆ. ಬೇಕಾದ ವ್ಯಾಟು ಅಷ್ಟೇ ಇರುವಾಗ ವೋಲ್ಟೇಜು ಇಳಿದರೆ ಆಂಪಿಯರ್ ಏರಲೇಬೇಕು. ನಾನು ಬಳಸಿದ ಒಂದು ಚದರ ಮಿಲಿಮೀಟರಿನ ವೈರು, ಹೋಗಿಬರುವ ದಾರಿ ಸೇರಿ ನಾಲ್ಕು ಮೀಟರು; 20 ಆಂಪಿಯರಿಗೆ ಅದೊಂದೇ ಹೆಚ್ಚುಕಡಿಮೆ ಒಂದೂವರೆ ವೋಲ್ಟನ್ನು ನುಂಗುತ್ತಿತ್ತು. ಹನ್ನೆರಡು ಹತ್ತೂವರೆಯಾದಾಗ ಇಪ್ಪತ್ತಿದ್ದ ಕರೆಂಟು ಇಪ್ಪತ್ತೆರಡಾಗುತ್ತಿತ್ತು. ಕೀಚ್ ಕೀಚ್ ಎಂದು ಅದು ಕೂಗಿದ್ದು ಇದನ್ನೇ. ಎರಡು ವರ್ಷ ನಾನು ಹೇಳಿದ ಪಾಠ ತಪ್ಪಾಗಿರಲಿಲ್ಲ. ಅದು ಎಲ್ಲಿಯವರೆಗೆ ಸಲ್ಲುತ್ತದೆಂಬುದನ್ನು ನಾನು ಹೇಳಿರಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ.

“ಅರ್ಥ್ ಎಲ್ಲಿ ಹಿಡದೀರಿ ಸರ್?” ಎಂದು ಅವನು ಕೇಳಿದಾಗ, ಅರ್ಥವಾಯಿತೇ ಎಂದು ಕೇಳಿದನೆಂದುಕೊಂಡು “ಈಗ ಸ್ವಲ್ಪ ಆಗ್ಲಿಕತ್ತದ ತಮ್ಮಾ” ಎಂದುಬಿಟ್ಟೆ. ಅಂಗಡಿಯ ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು.

ಹೊಸ ವೈರಿಂಗು ಹೀಗಾಯಿತು. ಸಾಕೆಟ್ಟಿನ ಸಹವಾಸವೇ ಬೇಡವೆಂದು ಬ್ಯಾಟರಿಯಿಂದ ನೇರವಾಗಿ ಕೆಂಪು ಮತ್ತು ಕಪ್ಪು, ಆರು ಚದರ ಮಿಲಿಮೀಟರಿನ ಎರಡು ವೈರು. ತುದಿಗಳಿಗೆ ಒತ್ತಿ ಕೂರಿಸಿದ ಲಗ್ಗು. ಕೆಂಪಿನಲ್ಲಿ ಹಸಿರು ಬಣ್ಣದ, ಮೂವತ್ತರ ಫ್ಯೂಸು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ. ಇನ್ವರ್ಟರಿನ ಬಳಿಯೇ ಇಟ್ಟರೆ ಬದಲಿಸಲು ನನಗೆ ಅನುಕೂಲವಲ್ಲವೇ ಎಂದೆ. “ಕೆರಿ ತೂಬು ಕೆರಿ ಕಡೆನ ಇರಬೇಕ್ರಿ. ಕಾಲಿವಿ ನಡುವ ಒಡದ್ರ, ಹೊಲದಾಗಿನ ಬಾಗಲಾ ಮುಚ್ಚಿ ಏನ್ ಮಾಡ್ತೀರಿ?” ಎಂದ. ಆ ದಪ್ಪ ವೈರಿನಲ್ಲಿ ವೋಲ್ಟೇಜಿನ ಇಳಿತ ಅರ್ಧ ವೋಲ್ಟೂ ಇರಲಿಲ್ಲ. ಇನ್ವರ್ಟರು ಬಾಯಿ ಮುಚ್ಚಿತು.

ತಿಂಗಳ ನಂತರ ಮತ್ತೆ ಹೊರಟೆವು. ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಅನಂತರ ವಿಚಿತ್ರವೊಂದು ಸುರುವಾಯಿತು. ಹೊರಡುವಾಗ ಸರಿಯಿದ್ದ ಫ್ಯೂಸು ಶಾಲೆ ತಲುಪಿದಾಗ ಹೋಗಿರುತ್ತಿತ್ತು. ಗಣಕಯಂತ್ರ ಹಚ್ಚುವ ಮಾತೇ ಇಲ್ಲ, ಇನ್ವರ್ಟರಿನ ಸ್ವಿಚ್ಚೂ ಆರಿಸಿಯೇ ಇರುತ್ತಿತ್ತು. ಪ್ರತಿ ಸಲವೂ ನಾನು ಬ್ಯಾಟರಿಯ ಬಳಿ ಬಗ್ಗಿ, ಹಸಿರು ಬಿಲ್ಲೆಯೊಳಗಿನ ಎಳೆ ನೋಡಿ, ಆಮೇಲೆಯೇ ಮುಂದಿನ ಎಡಸೀಟಿನಲ್ಲಿ ಹತ್ತಿ ಕೂರುತ್ತಿದ್ದೆ. ರಸ್ತೆಯ ಕುಲುಕಾಟಕ್ಕೆ ಹೀಗಾಗುತ್ತಿರಬೇಕೆಂದು ಚಾಲಕ ಹುಡುಗ ಹೇಳಿದ. ಆದರೆ ಅವನೊಬ್ಬನೇ ಅದೇ ದಾರಿಯಲ್ಲಿ ವ್ಯಾನನ್ನು ಅಂಗಡಿಗೆ ಒಯ್ದಾಗ ಫ್ಯೂಸು ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಮೂರು ಸಲ ಹೀಗಾಯಿತು. “ಹೆಡ್‌ಮಾಸ್ತರು ಕುಂತ್ರ ಹೋಗತದ,” ಎಂದು ಅವನು ಯಾರೊಡನೆಯೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕೋಪ ಬಂದಿತು. ಮೂವತ್ತರ ಬದಲು ನಲವತ್ತು ಹಾಕಿದರೆ ಹೇಗೆಂಬ ಯೋಚನೆಯೂ ಒಂದು ಕ್ಷಣ ಬಂದಿತು. ಅಷ್ಟೆಲ್ಲ ಆದ ಮೇಲೂ ಅದು ಬಂದಿತೆಂಬುದನ್ನು ಮುಚ್ಚಿಡಬಾರದು.

ನಾಲ್ಕನೆಯ ಸಲ ನಾನೂ ಅಂಗಡಿಗೆ ಹೋದೆ. ಶಿಷ್ಯ ಹೊಸ ಫ್ಯೂಸು ಹಾಕಲಿಲ್ಲ. ಇಂಡಿಕೇಟರಿನ ಇಪ್ಪತ್ತೊಂದು ವ್ಯಾಟಿನ ಬಲ್ಬೊಂದನ್ನು ಹೋಲ್ಡರಿಗೆ ಹಾಕಿ, ಅದರ ಎರಡು ವೈರುಗಳನ್ನು ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿದ. ಇನ್ವರ್ಟರಿನ ತುದಿಯನ್ನು ಕಳಚಿಟ್ಟ. ಈಗ ಆ ವೈರು ಎಲ್ಲಿಯಾದರೂ ವ್ಯಾನಿನ ಬಾಡಿಗೆ ತಗುಲಿದರೆ ಫ್ಯೂಸು ಸಾಯುವ ಬದಲು ಬಲ್ಬು ಹತ್ತುತ್ತದೆ. ಬಲ್ಬು ಎರಡು ಆಂಪಿಯರಿನ ಸುಮಾರು ಮಾತ್ರ ಬಿಡುವುದರಿಂದ ಆ ದಪ್ಪ ವೈರಿಗೆ ಅಪಾಯವಿಲ್ಲ. ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು. ಇಷ್ಟು ಸರಳವಾದ ಉಪಾಯಕ್ಕೆ ಬೆಲೆ ಕೆಲವೇ ರೂಪಾಯಿ. ನಾನು ಹಾಳು ಮಾಡಿದ ಫ್ಯೂಸುಗಳ ಲೆಕ್ಕ ನೆನಪಾಯಿತು.

ಬಲ್ಬು ಹತ್ತಲಿಲ್ಲ. ಹುಡುಗರು ವ್ಯಾನನ್ನು ಎರಡೂ ಕಡೆಯಿಂದ ಅಲುಗಾಡಿಸಿದರು. ಹತ್ತಲಿಲ್ಲ. ಶಿಷ್ಯ ವೈರಿನ ಉದ್ದಕ್ಕೂ ಕೈಯಾಡಿಸಿ ಎಳೆದು ನೋಡಿದ. ಇಲ್ಲ. ಬಾಗಿಲು ತೆರೆದರು, ಹಾಕಿದರು. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, “ಸರ್, ನೀವು ಒಂದೀಟು ಒಳಗ ಕೂಡ್ತೀರೇನ್ರಿ?” ಎಂದ.

ಕೂತೆ. ಬಲ್ಬು ಝಗ್ಗನೆ ಹತ್ತಿತು.

“ಏಳ್ರಿ ಸರ್.” ಎದ್ದೆ. ಆರಿತು. “ಕೂಡ್ರಿ.” ಹತ್ತಿತು. “ಏಳ್ರಿ. ಕೂಡ್ರಿ.” ಎಷ್ಟು ಮಕ್ಕಳಿಗೆ ನಾನು ಬಸ್ಕಿ ಹೊಡೆಸಿದ್ದೆನೋ, ಅವರಲ್ಲಿ ಇವನೂ ಒಬ್ಬನಾಗಿದ್ದನೋ ಏನೋ. ಕೇಳುವ ಧೈರ್ಯವಾಗಲಿಲ್ಲ. ಹುಡುಗರು ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕರು; ನಾನೂ ನಕ್ಕೆ.

ಪುಸ್ತಕಗಳ ಪೆಟ್ಟಿಗೆಗೆ ಜಾಗ ಬೇಕೆಂದು ಕೆಲವು ದಿನಗಳ ಹಿಂದೆ ನಾನೇ ಆ ಎಡಸೀಟನ್ನು ಬಿಚ್ಚಿಸಿ ಎರಡು ಅಂಗುಲ ಮುಂದಕ್ಕೆ ಕೂರಿಸಿದ್ದೆ. ಸೀಟಿನ ಕಬ್ಬಿಣದ ಹಳಿ ಕೆಂಪು ವೈರಿನ ಮೇಲೆ ಬಂದಿತ್ತು. ಖಾಲಿಯಿದ್ದಾಗ ಸೀಟು ಒಂದು ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ನನ್ನ ಎಪ್ಪತ್ತೆಂಟು ಕಿಲೋ ಬಿದ್ದಾಗ ಹಳಿಯ ಅಂಚು ಹೊದಿಕೆ ಸೀಳಿ ತಾಮ್ರವನ್ನು ಮುಟ್ಟುತ್ತಿತ್ತು. ಫ್ಯೂಸು ಹೋಗುತ್ತಿದ್ದದ್ದು ದಾರಿಯ ಕುಲುಕಿಗಲ್ಲ, ನಾನು ಪರೀಕ್ಷೆ ಮುಗಿಸಿ ಹತ್ತಿ ಕುಳಿತ ಕ್ಷಣದಲ್ಲೇ. ಶಾಲೆ ತಲುಪುವವರೆಗೆ ಯಾರೂ ನೋಡುತ್ತಿರಲಿಲ್ಲ, ಅಷ್ಟೆ.

ಅವನು ವೈರನ್ನು ಬದಲಿಸಿ, ರಬ್ಬರಿನ ಕೊಳವೆಯೊಳಗೆ ಹಾಯಿಸಿ, ಬಾಗಿಲಂಚಿನಿಂದ ಸುತ್ತಿಸಿ ಒಯ್ದ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಿದ. ಎಷ್ಟಾಯಿತೆಂದು ಕೇಳಿದರೆ ವೈರಿನ ಬೆಲೆ ಮಾತ್ರ ತೆಗೆದುಕೊಂಡ. ಬದಲಿಗೆ ಒಂದು ಕೆಲಸ ಹೇಳಿದ. ತನ್ನ ಬಳಿ ಕಲಿಯುವ ಹುಡುಗರಿಗೆ ಫ್ಯೂಸಿನ ಬಣ್ಣ, ಆಂಪಿಯರ್, ಅದಕ್ಕೆ ತಕ್ಕ ವೈರಿನ ದಪ್ಪ ಇವನ್ನು ಗೋಡೆಗೆ ಹಚ್ಚುವಂತೆ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಬೇಕೆಂದ. ನಮ್ಮ ಗಣಕಯಂತ್ರದಲ್ಲೇ, ನುಡಿಯಲ್ಲೇ ಬರೆದೆ. ಒಂದು ಕಡೆ ‘ಭೂಸಂಪರ್ಕ’ ಎಂದು ಹಾಕಿದ್ದೆ. ಅವನು ಓದಿ, ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ‘ಅರ್ಥ್’ ಎಂದು ಬರೆದ. ಸರಿಯೇ. ಮುದ್ರಿಸುವಾಗ ಹಾಗೆಯೇ ಮುದ್ರಿಸಿದೆ.

ಮೈಂದರಗಿಯ ದಾರಿಯ ಆ ಶಾಲೆಗೆ ಮತ್ತೆ ಹೋಗಲು ನನಗೆ ಆರು ತಿಂಗಳು ಬೇಕಾಯಿತು. ಆ ಹುಡುಗಿ ಅಲ್ಲಿರಲಿಲ್ಲ. ಅವಳ ತಂದೆತಾಯಿ ಕಬ್ಬು ಕಡಿಯಲು ಊರು ಬಿಟ್ಟಿದ್ದರು, ಜೊತೆಗೆ ಅವಳೂ ಹೋಗಿದ್ದಳು. ವಾಸನೆ ಬರುತ್ತಿದೆಯೆಂದು ಹೇಳಿದವಳು ಅವಳೆಂದೂ, ನಾನು ಕೇಳಲಿಲ್ಲವೆಂದೂ ಅಲ್ಲಿದ್ದ ಮಕ್ಕಳಿಗೆ ಹೇಳಿದೆ. ಅವರಿಗೆ ಅದು ಆಗಲೇ ಮರೆತಿತ್ತು. ಯಾವಾಗ ವ್ಯಾನು ಹತ್ತುವುದೆಂದು ಕೇಳಿದರು.

ಮುಂದೆ ಲೋಡ್‌ಶೆಡ್ಡಿಂಗು ಕಡಿಮೆಯಾಯಿತು, ಲ್ಯಾಪ್‌ಟಾಪುಗಳು ಬಂದವು. ಲ್ಯಾಪ್‌ಟಾಪಿಗೆ ಎಂಟು ಆಂಪಿಯರೂ ಬೇಕಿಲ್ಲ. ನೀಲಿ ಫ್ಯೂಸಿನ ಸಾಕೆಟ್ಟಿನಲ್ಲೇ ನಡೆಯುತ್ತದೆ. ವ್ಯಾನನ್ನು 2013ರಲ್ಲಿ ಮಾರಿದೆ. ಕೊಂಡವನು ತರಕಾರಿ ವ್ಯಾಪಾರಿ. ಬ್ಯಾಟರಿಯಿಂದ ಹಿಂದಕ್ಕೆ ಹೋಗುವ ಈ ದಪ್ಪ ಕೆಂಪು ವೈರು ಯಾತಕ್ಕೆಂದು ಕೇಳಿದ. ಬೇಡವಾದರೆ ಎರಡೂ ತುದಿ ಕಳಚಿ ತೆಗೆದುಬಿಡು, ಬೇಕಾದರೆ ಹಸಿರು ಫ್ಯೂಸಿಗಿಂತ ದೊಡ್ಡದನ್ನು ಹಾಕಬೇಡವೆಂದು ಹೇಳಿ, ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಹಸಿರು ಬಿಲ್ಲೆಗಳನ್ನು ಅವನ ಕೈಯಲ್ಲಿಟ್ಟೆ.